ಮಂಜೇಶ್ವರದಿಂದ ನವಸಾರಿಗೆ

ಕಾಂದಿವಲಿಯಲ್ಲಿ ಬಾಡಿಗೆ ಮನೆಯ ಕರಾರು ನವೀಕರಿಸುವಾಗೆಲ್ಲ ಬ್ರೋಕರ್ ಕೇಳುವುದು ಒಂದೇ ಪ್ರಶ್ನೆ. ಆಧಾರ್‌ನಲ್ಲಿ ಊರು ಮಂಜೇಶ್ವರ, ಕೇರಳ ಎಂದಿದೆಯಲ್ಲ, ನೀವು ಮಲಯಾಳಿಯಾ? ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ ಎಂದರೆ ಅವರಿಗೆ ತಲೆಬುಡ ತಿಳಿಯುವುದಿಲ್ಲ. ಈ ಸಲ ಎಂಟು ವರ್ಷದ ಮಗಳೂ ಜೊತೆಗಿದ್ದಳು. ಮನೆಗೆ ಬರುವ ದಾರಿಯಲ್ಲಿ ಅವಳೂ ಅದನ್ನೇ ಕೇಳಿದಳು. ಉತ್ತರವಾಗಿ ನಮ್ಮೂರಿನ ಗೋವಿಂದ ಪೈಗಳ ಕಥೆ ಹೇಳಿದೆ.

ಹುಟ್ಟಿದ್ದು 1883ರ ಮಾರ್ಚ್ 23ರಂದು. ಮನೆಮಾತು ಕೊಂಕಣಿ, ಸುತ್ತ ತುಳು, ಬರೆದದ್ದು ಕನ್ನಡ. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು ಅವರಿಗೆ ಮೇಷ್ಟ್ರಾಗಿದ್ದರು. ಮದರಾಸಿನಲ್ಲಿ ಬಿ.ಎ. ಪರೀಕ್ಷೆಯ ಹೊತ್ತಿಗೆ ತಂದೆ ತೀರಿಕೊಂಡರು, ಪದವಿ ಅರ್ಧಕ್ಕೇ ನಿಂತಿತು. ಆಮೇಲೆ ಮಂಜೇಶ್ವರದ ಮನೆಯಲ್ಲೇ ಕೂತು ಇಪ್ಪತ್ತಕ್ಕೂ ಹೆಚ್ಚು ಭಾಷೆ ಕಲಿತರು. ಎಂ.ಟೆಕ್. ಮಾಡಿಯೂ ಮರಾಠಿಯಲ್ಲಿ ತಡವರಿಸುವ ನನಗೆ ಇದನ್ನು ಹೇಳುವಾಗ ಸ್ವಲ್ಪ ನಾಚಿಕೆಯೇ ಆಯಿತು.

ನನಗೆ ತುಂಬ ಇಷ್ಟವಾದದ್ದು 1911ರ ಸಂಗತಿ. ಆಗ ಅವರು ಬರೋಡಾ ಸಂಸ್ಥಾನದ ನವಸಾರಿಯಲ್ಲಿದ್ದರು. ಕನ್ನಡ ಪದ್ಯದ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು ಎಂಬ ಪ್ರಾಸದ ಕಟ್ಟುಪಾಡು ನೂರಾರು ವರ್ಷಗಳಿಂದ ನಡೆದು ಬಂದಿತ್ತು. ಪೈಗಳು ಅದನ್ನು ಬಿಟ್ಟುಬಿಟ್ಟರು. ಪಂಡಿತರು ಸಿಟ್ಟಾದರು. ಇವರು ಹಿಂದೆ ಸರಿಯಲಿಲ್ಲ. ಹತ್ತು ವರ್ಷದ ಹಳೆಯ ಕೋಡ್‌ನ ಒಂದು ಸಾಲು ಅಳಿಸಲು ನಮ್ಮ ತಂಡದಲ್ಲಿ ಮೂರು ಮೀಟಿಂಗ್ ಬೇಕು!

1930ರಲ್ಲಿ ‘ಗಿಳಿವಿಂಡು’ ಬಂತು. ಕ್ರಿಸ್ತನ ಕೊನೆಯ ದಿನವನ್ನು ಹೇಳುವ ‘ಗೊಲ್ಗೊಥಾ’, ಬುದ್ಧನ ಕೊನೆಯ ದಿನವನ್ನು ಹೇಳುವ ‘ವೈಶಾಖಿ’ ಆಮೇಲಿನವು. ಜಪಾನಿನ ನೋ ನಾಟಕಗಳನ್ನೂ ಕನ್ನಡಕ್ಕೆ ತಂದರು. ತುಳುನಾಡಿನ ಚರಿತ್ರೆ ಹುಡುಕುತ್ತ, ಈಜಿಪ್ಟಿನಲ್ಲಿ ಸಿಕ್ಕ ಪುರಾತನ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೇ ಎಂಬ ಚರ್ಚೆಗೂ ಇಳಿದರು. ನಮ್ಮ ಕರಾವಳಿ ಅವರಿಗೆ ನಾಡಿನ ಅಂಚಾಗಿರಲಿಲ್ಲ, ಹಡಗುಗಳು ಬಂದುಹೋಗುವ ಹೆಬ್ಬಾಗಿಲಾಗಿತ್ತು.

1949ರಲ್ಲಿ ಮದರಾಸು ಸರ್ಕಾರ ರಾಷ್ಟ್ರಕವಿ ಎಂದು ಗೌರವಿಸಿತು. 1951ರಲ್ಲಿ ಇದೇ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಐದು ವರ್ಷ ಕಳೆಯುವಷ್ಟರಲ್ಲಿ, 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡದ ರಾಷ್ಟ್ರಕವಿ ಮನೆಯಿಂದ ಕದಲದೆಯೇ ಹೊರನಾಡ ಕನ್ನಡಿಗರಾದರು. ನಾವಾದರೋ ಸಂಬಳಕ್ಕಾಗಿ ರೈಲು ಹತ್ತಿ ಬಂದವರು.

1963ರ ಸೆಪ್ಟೆಂಬರ್ 6ರಂದು ಪೈಗಳು ತೀರಿಕೊಂಡರು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಮಹಾಜನ್ ಆಯೋಗ ಹೇಳಿದ್ದು ಅದಾಗಿ ನಾಲ್ಕು ವರ್ಷಕ್ಕೆ. ಅದು ಕಾಗದದಲ್ಲೇ ಉಳಿಯಿತು. ನಾನು ಹುಟ್ಟಿದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ, ಆಧಾರ್‌ನಲ್ಲಿರುವ ಅದೇ ವಿಳಾಸದಲ್ಲಿ.

ಮಗಳಿಗೆ ಗಡಿಯ ವಿಷಯ ಪೂರ್ತಿ ಅರ್ಥವಾಗಲಿಲ್ಲ. ನವಸಾರಿಗೆ ಹೋಗುವುದು ನಮ್ಮ ವೆಸ್ಟರ್ನ್ ಲೈನಿನಲ್ಲೇ ಎಂದಾಗ ಮಾತ್ರ ಕಣ್ಣರಳಿಸಿದಳು. ಮಂಜೇಶ್ವರದ ಪೈಗಳ ಮನೆ ಈಗ ‘ಗಿಳಿವಿಂಡು’ ಹೆಸರಿನ ಸ್ಮಾರಕ. ಮೇ ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿಗೆ ಕರೆದೊಯ್ಯುತ್ತೇನೆ ಎಂದಿದ್ದೇನೆ. ಅಲ್ಲಿನ ಬೋರ್ಡನ್ನು ತಾನೇ ಓದಬೇಕಂತೆ. ದಿನಾ ರಾತ್ರಿ ಊಟವಾದ ಮೇಲೆ ಕಾಗುಣಿತ ನಡೆಯುತ್ತಿದೆ. ಸದ್ಯ ‘ಗ’ಕ್ಕೆ ಬಂದಿದ್ದೇವೆ.