ದೊಡ್ಡ ಸ್ವಾಮಿಯವರ ಎರಡು ಬಗೆಯ ಮಾತು



ಸಂತ ಯಕೋಬರು ನಾಲಗೆಯನ್ನು ಕಾಡಿಗೆ ಬಿದ್ದ ಕಿಡಿಗೆ ಹೋಲಿಸುತ್ತಾರೆ. ಬೇಸಗೆಯಲ್ಲಿ ಬೆಟ್ಟದ ಒಣಹುಲ್ಲು ಹೊತ್ತಿಕೊಂಡರೆ ಏನಾಗುತ್ತದೆಂದು ಬಲ್ಲ ಲವ್‌ಡೇಲಿನ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ನಾಲಗೆ ದೇವರನ್ನು ಸ್ತುತಿಸುತ್ತದೋ ಅದೇ ನಾಲಗೆ ದೇವರ ಸಾದೃಶ್ಯದಲ್ಲಿ ಉಂಟಾದ ಮನುಷ್ಯನನ್ನು ಶಪಿಸುತ್ತದೆ ಎಂಬುದು ಸಂತರ ಸಂಕಟ. ಅಬ್ಬೆ ದ್ಯುಬುವಾ ಅವರ ಬದುಕಿನಲ್ಲಿ ಈ ಎರಡನ್ನೂ ಕಾಣುತ್ತೇವೆ. ನಮ್ಮ ಉದಕಮಂಡಲ ಧರ್ಮಕ್ಷೇತ್ರವು 1955ರಲ್ಲಿ ಮೈಸೂರು ಧರ್ಮಕ್ಷೇತ್ರದಿಂದ ಬೇರ್ಪಟ್ಟದ್ದು. ಆ ಮೈಸೂರು ಸೀಮೆಯ ಹಳೆಯ ಕ್ರೈಸ್ತರಿಗೆ ಪಾಲಕರಾಗಿದ್ದ ಅವರು ನಮಗೂ ಹಿರಿಯರೇ.

ಜಾಂ ಅಂತ್ವಾನ್ ದ್ಯುಬುವಾ ಅವರು ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತದಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ, ಫ್ರೆಂಚ್ ಕ್ರಾಂತಿಯ ಕೋಲಾಹಲದ ನಡುವೆ, ಪ್ಯಾರಿಸ್ ವಿದೇಶ ಪ್ರೇಷಿತ ಸಭೆಯ ಮೂಲಕ ಭಾರತಕ್ಕೆ ಹೊರಟರು. ಇಲ್ಲಿಯ ಉಡುಗೆ ತೊಟ್ಟರು, ಮಾಂಸ ಬಿಟ್ಟರು, ಜನರ ಊಟವನ್ನೇ ಉಂಡರು, ಜನರ ಭಾಷೆಯಲ್ಲಿಯೇ ಮಾತನಾಡಿದರು. ಜನ ಪ್ರೀತಿಯಿಂದ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದ ಕಥೋಲಿಕರಲ್ಲಿ ಅನೇಕರು ಆ ಹೊತ್ತಿಗೆ ಬಲವಂತದಿಂದ ಮತಾಂತರಗೊಂಡು, ಹೆಸರು ಬದಲಿಸಿಕೊಂಡು, ಹದಿನೈದು ವರ್ಷ ಕಳೆದಿದ್ದರು. ಅವರನ್ನು ಮರಳಿ ಧರ್ಮಸಭೆಗೆ ಸೇರಿಸಿಕೊಳ್ಳಲು ದ್ಯುಬುವಾ ಅವರನ್ನು ಪಟ್ಟಣಕ್ಕೆ ಕರೆಸಲಾಯಿತು. ಮನಸ್ಸಿನಲ್ಲಿ ವಿಶ್ವಾಸವನ್ನು ಬಿಟ್ಟಿರಲಿಲ್ಲವೆಂದು ಹೇಳಿಕೊಂಡು ಜನ ಬಂದರು. ಸುಮಾರು 2,000 ಮಂದಿ ತಮ್ಮ ಬಳಿಗೇ ಬಂದರೆಂದು ಅವರು ಮುಂದೆ ಬರೆದಿದ್ದಾರೆ. ಹೆದರಿ ಬಂದವರಿಗೆ ಗುರುವಿನ ಬಾಯಿಂದ ಬರುವ ಕ್ಷಮೆಯ ಮಾತು ಎಂಥ ಮದ್ದು ಎಂಬುದನ್ನು, ಬಹುಕಾಲದ ಮೇಲೆ ಪಾಪನಿವೇದನೆಗೆ ಹೋದ ನಮ್ಮಲ್ಲಿ ಯಾರೂ ಊಹಿಸಬಲ್ಲರು.

ಅವರ ಮಾತು ಮೈಯ ರೋಗಕ್ಕೂ ಮದ್ದಾಯಿತು. ಸಿಡುಬಿನಿಂದ ಊರುಗಳೇ ಬರಿದಾಗುತ್ತಿದ್ದ ಕಾಲವದು. ಹಸುವಿನಿಂದ ಬಂದ ಮದ್ದನ್ನು ತೋಳಿಗೆ ಚುಚ್ಚಿಸಿಕೊಳ್ಳಲು ಜನ ಅಂಜುತ್ತಿದ್ದರು. ಸರ್ಕಾರದ ಆಜ್ಞೆಗೆ ಬಗ್ಗದವರು ತಮ್ಮ ಸ್ವಾಮಿಯವರ ಮಾತಿಗೆ ಬಗ್ಗಿದರು. 1803–04ರಲ್ಲಿ ಅವರ ಯತ್ನದಿಂದ 25,000ಕ್ಕೂ ಹೆಚ್ಚು ಮಂದಿ ದೇವಿ ಹಾಕಿಸಿಕೊಂಡರು. ಬಡ ಕ್ರೈಸ್ತರು ಉತ್ತು ಬಿತ್ತು ಬಾಳಲೆಂದು ಹಾಸನದ ಬಳಿ ಸಾತಳ್ಳಿಯಲ್ಲಿ ಬೇಸಾಯದ ನೆಲೆಯನ್ನೂ ಮಾಡಿಕೊಟ್ಟರು.

ಇನ್ನೊಂದು ಬಗೆಯ ಮಾತು ಅವರ ಲೇಖನಿಯಿಂದ ಬಂದಿತು. ಇಲ್ಲಿಯ ಜನರ ನಡೆನುಡಿ ಕುರಿತ ಅವರ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ಯೇಸುಸಭೆಯ ಕ್ಯೋರ್ದೂ ಎಂಬ ಹಿಂದಿನ ಗುರುಗಳ ಬರಹದಿಂದ ಬಂದದ್ದೆಂದು ವಿದ್ವಾಂಸರು ಬಹಳ ತಡವಾಗಿ ಕಂಡುಕೊಂಡರು. ನಮ್ಮ ಹಿಂದೂ ನೆರೆಹೊರೆಯವರ ಮೇಲೆ ಅದರಲ್ಲಿರುವ ಕಟು ತೀರ್ಪುಗಳನ್ನು ಓದಿ ತಲೆಮಾರುಗಟ್ಟಲೆ ಅಧಿಕಾರಿಗಳು ಈ ನಾಡನ್ನು ಅಳೆದರು.

1823ರಲ್ಲಿ ಅವರು ತಾಯ್ನಾಡಿಗೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಸಂಗ್ರಹ ಹೊರಬಂದಿತು. ಹಿಂದೂಗಳಲ್ಲಿ ಸುವಾರ್ತೆ ಬೇರೂರುವುದು ಆಗದ ಮಾತು ಎಂಬುದು ಅದರ ತಿರುಳು. ಅಷ್ಟಕ್ಕೇ ನಿಲ್ಲಲಿಲ್ಲ. ತಾವು ದೀಕ್ಷಾಸ್ನಾನ ಕೊಟ್ಟ ಇನ್ನೂರು ಮುನ್ನೂರು ಮಂದಿಯಲ್ಲಿ ಹೆಚ್ಚಿನವರು ಹೊಲೆಯರು, ಭಿಕ್ಷುಕರು, ಮದುವೆಗೋ ಲಾಭಕ್ಕೋ ಬಂದವರು ಎಂದು ಹಳಿದರು. ಪಟ್ಟಣದಲ್ಲಿ ಬಲವಂತಕ್ಕೆ ಒಳಗಾದ ಸಾವಿರಾರು ಜನರಲ್ಲಿ ವಿಶ್ವಾಸಕ್ಕಾಗಿ ಎದೆಗೊಟ್ಟು ನಿಂತವನು ಒಬ್ಬನೂ ಇರಲಿಲ್ಲವೆಂದೂ ಬರೆದರು. ತಾವೇ ಕಣ್ಣೀರು ಒರೆಸಿ ಒಳಗೆ ಕರೆದುಕೊಂಡಿದ್ದ ಮಕ್ಕಳ ಸೋಲನ್ನು ಪರದೇಶದ ಓದುಗರ ಮುಂದೆ ಹರಡಿದರು. ಓದುಬರಹ ತಿಳಿಯದ ಆ ಬಡವರು ಉತ್ತರ ಕೊಡಲಾರರು. ಅವರ ಪರವಾಗಿ ಪ್ರತಿವಾದ ಹೂಡಿದವರು ಪ್ರೊಟೆಸ್ಟೆಂಟರು. ಜೇಮ್ಸ್ ಹಫ್ ಎಂಬ ಪಾದ್ರಿ 1824ರಲ್ಲಿ ಒಂದು ಪುಸ್ತಕವನ್ನೇ ಬರೆದರು; 1829ರಲ್ಲಿ ನಮ್ಮ ನೀಲಗಿರಿಯ ಕುರಿತು ಪುಸ್ತಕ ತಂದವರೂ ಇವರೇ.

ದ್ಯುಬುವಾ ಅವರು ಪ್ಯಾರಿಸಿನ ಗುರುಮಠದಲ್ಲಿ ಸೇವೆ ಮಾಡುತ್ತ, 1836ರಿಂದ ಮೂರು ವರ್ಷ ಅದರ ಮುಖ್ಯಸ್ಥರಾಗಿದ್ದು, 1848ರ ಫೆಬ್ರವರಿ 17ರಂದು ತೀರಿಕೊಂಡರು. ಮತ್ತೆ ಮೈಸೂರಿಗೆ ಬರಲಿಲ್ಲ. ಆಗದೆಂದು ಅವರು ಬರೆದಿಟ್ಟ ವಿಶ್ವಾಸ ಮಾತ್ರ ಇಲ್ಲಿ ಉಳಿಯಿತು, ಬೆಟ್ಟದವರೆಗೂ ಬೆಳೆಯಿತು.

ಅವರ ತೀರ್ಪು ನಮ್ಮ ಕೈಯಲ್ಲಿಲ್ಲ. ದಣಿವು, ನಿರಾಶೆ, ಬಹುಕಾಲದ ಒಂಟಿತನ ಯಾರ ಮಾತನ್ನೂ ಕಹಿ ಮಾಡಬಲ್ಲವು. ಆದರೆ ಅವರಿಂದ ನಾವು ಒಂದು ಪಾಠ ಕಲಿಯಬಹುದು. ಅವರು ಜನರ ಮುಖ ನೋಡಿ ಆಡಿದ ಮಾತು ಬದುಕಿಸಿತು. ಜನರ ಬೆನ್ನ ಹಿಂದೆ ಬರೆದ ಮಾತು ಇರಿಯಿತು.

ನಮ್ಮ ಧರ್ಮಕ್ಷೇತ್ರದಲ್ಲಿ ತಮಿಳು, ಮಲಯಾಳ, ಇಂಗ್ಲಿಷ್, ಕನ್ನಡ, ಬಡಗ ನುಡಿಗಳು ಒಟ್ಟಿಗಿವೆ. ಅವರಿಗೆ ಅರ್ಥವಾಗುವುದಿಲ್ಲ ಎಂದು ಒಂದು ಭಾಷೆಯವರ ಬಗ್ಗೆ ಇನ್ನೊಂದು ಭಾಷೆಯಲ್ಲಿ ಆಡಿಕೊಳ್ಳುವುದು ನಮಗೆ ಸುಲಭ. ಹತ್ತು ವರ್ಷದ ಮೇಲೆ ದೇವಾಲಯಕ್ಕೆ ಬಂದವರನ್ನು ಇಷ್ಟು ದಿನ ಎಲ್ಲಿದ್ದಿರಿ ಎಂದು ಕುಟುಕುವುದೂ, ಹೊಸದಾಗಿ ದೀಕ್ಷೆ ಪಡೆದವರ ಜಾತಿ ಕೆದಕುವುದೂ, ಯಾವ ಲಾಭಕ್ಕೆ ಬಂದರೋ ಎಂದು ಪಿಸುಗುಡುವುದೂ ಅಷ್ಟೇ ಸುಲಭ. ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ಅಂಥವರೊಬ್ಬರ ಬಳಿಗೆ ಹೋಗಿ, ಹೆಸರು ಹಿಡಿದು ಕರೆದು, ಬನ್ನಿ ಎಂದು ಹೇಳೋಣ. ಪ್ರಭು ನಮ್ಮ ನಾಲಗೆಯನ್ನು ಕಾಯಲಿ.