ಹಿಮಮಳೆಯಲ್ಲಿ ಚಾಲಕನಿಗೆ ದಾರಿ ಕಾಣಿಸಿದ ಮಹಿಳೆ: ವೈಪರ್ ಕೊಟ್ಟ ಮೇರಿ ಆಂಡರ್ಸನ್‌ಗೆ ಸಿಕ್ಕಿದ್ದೇನು?

ಚಳಿಗಾಲದ ರಜೆಗೆ ಕಾರಿನಲ್ಲೇ ಶಿಮ್ಲಾ, ಮನಾಲಿ ಕಡೆ ಹೋದವರಿಗೆ ಈ ಅನುಭವ ಆಗಿರಬಹುದು. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಮುಂಬದಿಯ ಗಾಜಿನ ಮೇಲೆ ಮಂಜುಗಡ್ಡೆಯ ಪದರ. ಎಂಜಿನ್ ಸ್ಟಾರ್ಟ್ ಆದರೂ ಗಾಡಿ ಹೊರಡುವಂತಿಲ್ಲ, ಮುಂದೇನಿದೆ ಎಂಬುದೇ ಕಾಣುವುದಿಲ್ಲ. ದಾರಿಯಲ್ಲಿ ಹಿಮ ಬೀಳತೊಡಗಿದರಂತೂ ವೈಪರ್ ಇಲ್ಲದೆ ನೂರು ಅಡಿ ಸಾಗುವುದೂ ಕಷ್ಟ.

ಸುಮಾರು 120 ವರ್ಷಗಳ ಹಿಂದೆ ಚಾಲಕರಿಗೆ ಈ ವೈಪರ್ ಇರಲಿಲ್ಲ. ಅದಕ್ಕೊಂದು ದಾರಿ ಹುಡುಕಿದವರು ಯಾವ ವಾಹನ ಕಂಪನಿಯ ಎಂಜಿನಿಯರ್ ಕೂಡ ಅಲ್ಲ. ಹಿಮವೇ ಅಪರೂಪವಾದ ಅಮೆರಿಕದ ದಕ್ಷಿಣ ಭಾಗದಿಂದ ಬಂದ ಮೇರಿ ಆಂಡರ್ಸನ್ ಎಂಬ ಮಹಿಳೆ.

ತೋಟದ ಮನೆಯಿಂದ ನಗರಕ್ಕೆ

ಮೇರಿ ಹುಟ್ಟಿದ್ದು 1866ರ ಫೆಬ್ರವರಿ 19ರಂದು, ಅಲಬಾಮಾ ರಾಜ್ಯದ ಗ್ರೀನ್ ಕೌಂಟಿಯ ತೋಟವೊಂದರಲ್ಲಿ. ಅವರಿಗೆ ನಾಲ್ಕು ವರ್ಷವಾಗಿದ್ದಾಗಲೇ ತಂದೆ ತೀರಿಕೊಂಡರು. 1889ರಲ್ಲಿ ತಾಯಿ ಮತ್ತು ಸಹೋದರಿಯ ಜೊತೆ ಮೇರಿ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಬಂದು ನೆಲೆಸಿದರು. ಇದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಅಲ್ಲ, ಕಬ್ಬಿಣದ ಉದ್ಯಮದಿಂದ ಆಗಷ್ಟೇ ವೇಗವಾಗಿ ಬೆಳೆಯುತ್ತಿದ್ದ ಅಲಬಾಮಾದ ನಗರ.

ಅಲ್ಲಿ ಫೇರ್‌ಮಾಂಟ್ ಎಂಬ ಅಪಾರ್ಟ್‌ಮೆಂಟ್ ಕಟ್ಟಿಸಿದರು. 1893ರಿಂದ 1898ರವರೆಗೆ ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ದನಗಳ ಫಾರ್ಮ್ ಮತ್ತು ದ್ರಾಕ್ಷಿ ತೋಟ ನಡೆಸಿದರು. ಮನೆಯಲ್ಲಿ ಹಿರಿಯ ಸಂಬಂಧಿಯೊಬ್ಬರು ಕಾಯಿಲೆ ಬಿದ್ದಾಗ ಬರ್ಮಿಂಗ್‌ಹ್ಯಾಮ್‌ಗೆ ವಾಪಸಾದರು. ಮಹಿಳೆಯರಿಗೆ ಮತದಾನದ ಹಕ್ಕೂ ಸಿಗದಿದ್ದ ಕಾಲದಲ್ಲಿ, ಮದುವೆಯಾಗದೆ, ಕಟ್ಟಡ ಮತ್ತು ಜಮೀನಿನ ವ್ಯವಹಾರ ನೋಡಿಕೊಂಡು ಬದುಕಿದವರು ಅವರು.

ನ್ಯೂಯಾರ್ಕ್‌ನ ಟ್ರಾಮ್‌ನಲ್ಲಿ ಕಂಡದ್ದು

1902-03ರ ಚಳಿಗಾಲ. ನ್ಯೂಯಾರ್ಕ್‌ಗೆ ಹೋಗಿದ್ದ ಮೇರಿ ಒಂದು ದಿನ ಟ್ರಾಮ್ ಹತ್ತಿದರು. ಹೊರಗೆ ಮಳೆ ಮತ್ತು ಹಿಮ ಬೆರೆತು ಸುರಿಯುತ್ತಿತ್ತು. ಟ್ರಾಮ್‌ನ ಮುಂದಿನ ಗಾಜಿನ ಮೇಲೆ ಅದು ಬಿದ್ದು ಅಂಟಿಕೊಳ್ಳುತ್ತಿತ್ತು. ದಾರಿ ಕಾಣಬೇಕೆಂದು ಚಾಲಕ ಮುಂದಿನ ಗಾಜನ್ನೇ ತೆರೆದಿಟ್ಟು ಓಡಿಸುತ್ತಿದ್ದ. ಕೊರೆಯುವ ಗಾಳಿ, ಹಿಮ ನೇರವಾಗಿ ಅವನ ಮುಖಕ್ಕೆ ಬಡಿಯುತ್ತಿತ್ತು.

ಗಾಜು ಮುಚ್ಚಿದರೆ ದಾರಿ ಕಾಣದು, ತೆರೆದರೆ ಚಳಿಗೆ ಕಣ್ಣು ಬಿಡಲಾಗದು. ಆ ಕಾಲದ ಚಾಲಕರು ಇದನ್ನು ಕೆಲಸದ ಭಾಗವೆಂದೇ ಒಪ್ಪಿಕೊಂಡಿದ್ದರು. ಕೆಲವರು ಆಗಾಗ ಗಾಡಿ ನಿಲ್ಲಿಸಿ, ಕೆಳಗಿಳಿದು, ಕೈಯಿಂದಲೇ ಗಾಜು ಒರೆಸಿ ಮತ್ತೆ ಹೊರಡುತ್ತಿದ್ದರು. ಗಾಡಿ ನಿಲ್ಲಿಸದೆ, ಗಾಜು ತೆರೆಯದೆ, ಒಳಗೆ ಕುಳಿತೇ ಹೊರಗಿನ ಹಿಮ ಒರೆಸುವಂತಾಗಬೇಕು ಎಂಬುದು ಪ್ರಯಾಣಿಕರ ಸೀಟಿನಲ್ಲಿದ್ದ ಮೇರಿಗೆ ಹೊಳೆಯಿತು.

ಒಂದು ಹಿಡಿಕೆ, ಒಂದು ರಬ್ಬರ್ ಪಟ್ಟಿ

ಊರಿಗೆ ಮರಳಿದ ಮೇಲೆ ಅವರು ಅದರ ವಿನ್ಯಾಸ ಸಿದ್ಧಪಡಿಸಿದರು. ಚಾಲಕನ ಕೈಗೆಟಕುವಂತೆ ಒಳಗೊಂದು ಹಿಡಿಕೆ. ಅದನ್ನು ತಿರುಗಿಸಿದರೆ ಹೊರಗಿನ ತೋಳು ಗಾಜಿನ ಮೇಲೆ ಅತ್ತಿಂದಿತ್ತ ಸರಿಯುತ್ತದೆ. ತೋಳಿಗೆ ರಬ್ಬರ್ ಪಟ್ಟಿ. ಪಟ್ಟಿ ಗಾಜಿಗೆ ಒತ್ತಿಕೊಂಡಿರಲು ಸ್ಪ್ರಿಂಗ್ ಮತ್ತು ಸಮತೋಲನದ ಭಾರ. ಚಳಿಗಾಲ ಮುಗಿದ ಮೇಲೆ ಇಡೀ ಸಾಧನವನ್ನು ಬಿಚ್ಚಿಡಲೂಬಹುದು.

1903ರ ಜೂನ್ 18ರಂದು ಮೇರಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಹೆನ್ರಿ ಫೋರ್ಡ್ ಅವರ ಕಾರು ಕಂಪನಿ ನೋಂದಣಿಯಾಗಿ ಆಗ ಎರಡೇ ದಿನ ಕಳೆದಿತ್ತು! ಅದೇ ವರ್ಷದ ನವೆಂಬರ್ 10ರಂದು 7,43,801ನೇ ಸಂಖ್ಯೆಯ ಪೇಟೆಂಟ್ ಅವರ ಹೆಸರಿಗೆ ಬಂತು. ಗಾಜು ಒರೆಸುವ ಸಾಧನಕ್ಕೆ ಆ ಹೊತ್ತಿನಲ್ಲಿ ಬೇರೆಯವರೂ ಪ್ರಯತ್ನಿಸಿದ್ದರು. ಆದರೆ ಸರಿಯಾಗಿ ಕೆಲಸ ಮಾಡುವ ಮೊದಲ ವೈಪರ್ ಎಂಬ ಹೆಗ್ಗಳಿಕೆ ಸಾಮಾನ್ಯವಾಗಿ ಮೇರಿ ಅವರದಕ್ಕೇ ಸಲ್ಲುತ್ತದೆ.

ಯಾರಿಗೂ ಬೇಡವಾದ ವೈಪರ್

ಕಷ್ಟ ಶುರುವಾದದ್ದು ಇಲ್ಲಿಂದ. 1905ರಲ್ಲಿ ಮೇರಿ ಕೆನಡಾದ ಕಂಪನಿಯೊಂದಕ್ಕೆ ಹಕ್ಕು ಮಾರಲು ಮುಂದಾದರು. ವ್ಯಾಪಾರದ ದೃಷ್ಟಿಯಿಂದ ಇದಕ್ಕೆ ಅಷ್ಟು ಬೆಲೆ ಇಲ್ಲವೆಂದು ಕಂಪನಿ ಕೈಬಿಟ್ಟಿತು. ಕಣ್ಣೆದುರು ಏನೋ ಅಲ್ಲಾಡುತ್ತಿದ್ದರೆ ಚಾಲಕನ ಗಮನ ಬೇರೆಡೆ ಹೋಗುತ್ತದೆ ಎಂಬ ವಾದವೂ ಆಗ ಇತ್ತು.

ಆಗಿನ ಮಾರುಕಟ್ಟೆಯನ್ನು ನೋಡಿದರೆ ಕಾರಣ ಅರ್ಥವಾಗುತ್ತದೆ. ಕಾರುಗಳಿದ್ದದ್ದೇ ಕಡಿಮೆ. ಇದ್ದವುಗಳಲ್ಲೂ ಬಹುಪಾಲು ತೆರೆದ ಗಾಡಿಗಳು, ಹಲವಕ್ಕೆ ಮುಂದಿನ ಗಾಜೇ ಇರಲಿಲ್ಲ. ಕಾರು ಜನಸಾಮಾನ್ಯರ ಕೈಗೆಟಕುವಂತೆ ಮಾಡಿದ ಫೋರ್ಡ್ ಮಾಡೆಲ್ ಟಿ ಬಂದದ್ದು 1908ರಲ್ಲಿ. ಮೇರಿ ಮಹಿಳೆಯಾಗಿದ್ದರಿಂದಲೇ ಅವರ ಮಾತಿಗೆ ಬೆಲೆ ಸಿಗಲಿಲ್ಲ ಎಂಬ ಅಭಿಪ್ರಾಯ ಅವರ ಕುಟುಂಬದ ಮುಂದಿನ ತಲೆಮಾರಿನವರದು.

ಪೇಟೆಂಟ್‌ನ ಅವಧಿ 17 ವರ್ಷ. 1920ರಲ್ಲಿ ಅದು ಮುಗಿಯಿತು. ಎರಡೇ ವರ್ಷ ಕಳೆದು, 1922ರಲ್ಲಿ, ಕ್ಯಾಡಿಲಾಕ್ ಕಂಪನಿ ತನ್ನ ಎಲ್ಲ ಕಾರುಗಳಿಗೂ ವೈಪರ್ ಅಳವಡಿಸಿತು. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಅಷ್ಟರಲ್ಲಿ ಹಕ್ಕು ಕೈಬಿಟ್ಟುಹೋಗಿದ್ದರಿಂದ ಮೇರಿಗೆ ಈ ಆವಿಷ್ಕಾರದಿಂದ ಒಂದು ಡಾಲರ್ ಕೂಡ ಬರಲಿಲ್ಲ.

1917ರಲ್ಲಿ ವಿದ್ಯುತ್ ಚಾಲಿತ ವೈಪರ್‌ಗೆ ಪೇಟೆಂಟ್ ಪಡೆದ ಷಾರ್ಲೆಟ್ ಬ್ರಿಜ್‌ವುಡ್ ಅವರದೂ ಇದೇ ಕಥೆ. ಅವರಿಗೂ ಅದರಿಂದ ಲಾಭವಾಗಲಿಲ್ಲ.

ಮೇರಿ ಮತ್ತೆ ಇನ್ನೊಂದು ಪೇಟೆಂಟ್‌ಗೆ ಓಡಾಡಲಿಲ್ಲ. ಕೊನೆಯವರೆಗೂ ಫೇರ್‌ಮಾಂಟ್ ಅಪಾರ್ಟ್‌ಮೆಂಟ್ ನೋಡಿಕೊಂಡಿದ್ದರು. 1953ರ ಜೂನ್ 27ರಂದು, 87ನೇ ವಯಸ್ಸಿನಲ್ಲಿ, ಟೆನ್ನೆಸ್ಸೀಯ ಮಾಂಟೀಗಲ್‌ನಲ್ಲಿದ್ದ ಬೇಸಿಗೆ ಮನೆಯಲ್ಲಿ ನಿಧನರಾದರು. ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಗೆ ಅವರ ಹೆಸರು ಸೇರಿದ್ದು 2011ರಲ್ಲಿ, ಅಂದರೆ ತೀರಿಕೊಂಡು 58 ವರ್ಷಗಳ ನಂತರ.

ಹಿಮದ ದಾರಿಗೆ ಹೊರಡುವ ಮುನ್ನ

ಅಂದು ಆ ಟ್ರಾಮ್ ಚಾಲಕನಿಗಿದ್ದ ಕಷ್ಟ ಇಂದು ನಮಗಿಲ್ಲ. ಆದರೂ ಅವಸರದಲ್ಲಿ ನಾವು ಮಾಡುವ ತಪ್ಪುಗಳಿವೆ. ಸ್ಟೇರಿಂಗ್ ಎದುರು ಕಿಂಡಿಯಷ್ಟು ಜಾಗ ಒರೆಸಿಕೊಂಡು ಹೊರಡುವುದು ಅದರಲ್ಲೊಂದು. ಮುಂದಿನದು, ಹಿಂದಿನದು, ಪಕ್ಕದವು ಎಲ್ಲ ಗಾಜುಗಳೂ ಸ್ವಚ್ಛವಾಗಿರಬೇಕು. ಕಾರಿನ ಮೇಲ್ಛಾವಣಿಯ ಹಿಮವನ್ನೂ ತೆಗೆಯಿರಿ. ಬ್ರೇಕ್ ಹಾಕಿದಾಗ ಅದು ಜಾರಿ ಮುಂದಿನ ಗಾಜಿನ ಮೇಲೆಯೇ ಬೀಳಬಹುದು.

ಗಾಜಿನ ಮೇಲಿನ ಮಂಜುಗಡ್ಡೆಗೆ ಬಿಸಿನೀರು ಸುರಿಯಬೇಡಿ, ಗಾಜು ಬಿರುಕು ಬಿಡುತ್ತದೆ. ಗಾಜಿಗೆ ಅಂಟಿ ಹೆಪ್ಪುಗಟ್ಟಿದ ವೈಪರ್ ಅನ್ನು ಹಾಗೇ ಆನ್ ಮಾಡಿದರೆ ರಬ್ಬರ್ ಹರಿಯುತ್ತದೆ, ಮೋಟಾರ್ ಕೆಡುವ ಸಾಧ್ಯತೆಯೂ ಇದೆ. ವಾಷರ್ ಟ್ಯಾಂಕಿಗೆ ಬರೀ ನೀರು ತುಂಬಿದ್ದರೆ ಅದೂ ಗಟ್ಟಿಯಾಗುತ್ತದೆ. ಹೆಪ್ಪುಗಟ್ಟದ ವಾಷರ್ ದ್ರವ ಬಳಸುವುದು ಒಳ್ಳೆಯದು.

ಗಾಜು ಸ್ವಚ್ಛವಾಗಿದ್ದರೂ ಕಾಣದ ಅಪಾಯ ರಸ್ತೆಯ ಮೇಲಿನ ತೆಳು ಮಂಜುಗಡ್ಡೆ. ರಸ್ತೆ ಬರೀ ಒದ್ದೆಯಾದಂತೆ ತೋರುತ್ತದೆ. ಬಿಸಿಲು ಬೀಳದ ತಿರುವುಗಳಲ್ಲಿ, ಸೇತುವೆಗಳ ಮೇಲೆ ಇದು ಹೆಚ್ಚು. ಮೇಲೂ ಕೆಳಗೂ ತಣ್ಣನೆ ಗಾಳಿ ಹಾಯುವುದರಿಂದ ಸೇತುವೆ ಬೇಗ ಹೆಪ್ಪುಗಟ್ಟುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ಇಳಿಜಾರಿನಲ್ಲಿ ಕೆಳ ಗೇರ್ ಬಳಸಿ, ಮುಂದಿನ ವಾಹನದಿಂದ ಮಾಮೂಲಿಗಿಂತ ಹಲವು ಪಟ್ಟು ಅಂತರ ಬಿಡಿ. ಗಾಡಿ ಜಾರತೊಡಗಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಹೋಗಬೇಕಾದ ದಿಕ್ಕಿನತ್ತ ನಿಧಾನವಾಗಿ ಸ್ಟೇರಿಂಗ್ ತಿರುಗಿಸಿ. ಹಿಮ ಜಾಸ್ತಿಯಾಗಿ ಪೊಲೀಸರು ರಸ್ತೆ ಬಂದ್ ಮಾಡಿದರೆ ವಾದ ಮಾಡದೆ ಉಳಿದುಕೊಳ್ಳುವುದೇ ಕ್ಷೇಮ.

ಮುಂದಿನ ಸಲ ಹಿಮದಲ್ಲೋ, ಮುಂಬೈನ ಜಡಿಮಳೆಯಲ್ಲೋ ವೈಪರ್ ಸ್ವಿಚ್ ಒತ್ತುವಾಗ ಮೇರಿ ಆಂಡರ್ಸನ್ ಅವರನ್ನು ಒಮ್ಮೆ ನೆನೆಯಿರಿ. ಹಾಗೆಯೇ ನಿಮ್ಮ ಕಾರಿನ ವೈಪರ್ ರಬ್ಬರ್ ಬದಲಿಸಿ ಎಷ್ಟು ದಿನವಾಯಿತು ಎಂಬುದನ್ನೂ ನೋಡಿಕೊಳ್ಳಿ.