ಬಜರ್ ಒತ್ತಿದ ಮೇಲೆ ಸಿಕ್ಕ ಕಾರಂತರು

ನಮ್ಮದು ಯಲಹಂಕ ಉಪನಗರದ ಪಕ್ಕದ ಅಟ್ಟೂರು. ಅಕ್ಕಪಕ್ಕದ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಧಾರಾವಾಹಿ ಓಡಿದರೆ, ನಮ್ಮ ಮನೆಯಲ್ಲಿ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ಓಡುತ್ತದೆ. 2002ರ ಜನವರಿಯಲ್ಲಿ ಶುರುವಾದ ಆ ಕಾರ್ಯಕ್ರಮಕ್ಕೆ ನನಗಿಂತ ವಯಸ್ಸು ಹೆಚ್ಚು. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುತ್ತಾರೆ, ಸರಿ ಉತ್ತರ ಹೇಳಿದವರಿಗೆ ದುಡ್ಡಿನ ಬದಲು ಪುಸ್ತಕ ಸಿಗುತ್ತದೆ. ಸಾರು ಅನ್ನ ಕಲೆಸುತ್ತಾ, ಟಿವಿಯೊಳಗಿನವರಿಗಿಂತ ಮೊದಲು ಉತ್ತರ ಕೂಗುವುದು ಚಿಕ್ಕಂದಿನಿಂದ ನನ್ನ ಚಟ. ಹತ್ತರಲ್ಲಿ ಆರೇಳು ಸರಿಯಾಗುತ್ತಿತ್ತು. ತಪ್ಪಾದ ಮೂರು ನಾಲ್ಕನ್ನು ಯಾರೂ ಲೆಕ್ಕ ಇಡುತ್ತಿರಲಿಲ್ಲ, ನಾನಂತೂ ಇಡುತ್ತಿರಲಿಲ್ಲ.

ಆ ಧೈರ್ಯದಲ್ಲೇ ಹೋದ ವರ್ಷ ಬೇರೊಂದು ಚಾನೆಲ್ಲಿನ ಕಾಲೇಜು ವಿದ್ಯಾರ್ಥಿಗಳ ಕ್ವಿಜ್‌ಗೆ ಹೆಸರು ಕೊಟ್ಟೆ. ನಾನು ಎಲೆಕ್ಟ್ರಿಕಲ್ ವಿಭಾಗದ ಬಿಇ ವಿದ್ಯಾರ್ಥಿ. ಗಣಿತದಲ್ಲಿ ಒಂದು ಬ್ಯಾಕ್‌ಲಾಗ್ ಇತ್ತು, ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದರೆ ಮಾತ್ರ ಬದುಕುತ್ತಿತ್ತು. ಗೆದ್ದರೆ ಬರುವ ಹಣದಲ್ಲಿ ಹೊಸದು ಕೊಳ್ಳಬಹುದು, ಪ್ಲೇಸ್‌ಮೆಂಟ್ ಹೊತ್ತಿಗೆ ರೆಸ್ಯೂಮೆಯಲ್ಲಿ ಒಂದು ಸಾಲೂ ಸೇರುತ್ತದೆ ಎಂಬ ಲೆಕ್ಕಾಚಾರ. ಅವೆನ್ಯೂ ರಸ್ತೆಯಲ್ಲಿ ಹಳೆಯ ಎಫ್‌ಡಿಎ ಗೈಡುಗಳನ್ನು ತಂದು ಉರು ಹೊಡೆದೆ. ಜ್ಞಾನಪೀಠದ ಪಟ್ಟಿ ನಿದ್ದೆಯಲ್ಲೂ ಬರುತ್ತಿತ್ತು: 1967 ಕುವೆಂಪು, 1973 ಬೇಂದ್ರೆ, 1977 ಕಾರಂತ, 1983 ಮಾಸ್ತಿ, ಹೀಗೆ 2010ರ ಕಂಬಾರರವರೆಗೆ. ಕಾರಂತ ಎಂದರೆ ‘ಮೂಕಜ್ಜಿಯ ಕನಸುಗಳು’. ಅಲ್ಲಿಗೆ ಕಾರಂತರ ಅಧ್ಯಾಯ ಮುಗಿಯಿತು, ಮುಂದಿನ ಪುಟ.

ಸ್ಟುಡಿಯೋದಲ್ಲಿ ಆಟ ಚೆನ್ನಾಗಿಯೇ ನಡೆಯಿತು. ಕೊನೆಯ ಸುತ್ತಿನಲ್ಲಿ ನಾನೂ ಇನ್ನೊಬ್ಬಳು ಹುಡುಗಿಯೂ ಸಮ ಅಂಕದಲ್ಲಿದ್ದೆವು. 1936ರಲ್ಲಿ ಮಕ್ಕಳಿಗಾಗಿ ಕನ್ನಡದಲ್ಲಿ ಎಂದು ಪ್ರಶ್ನೆ ಶುರುವಾಗುತ್ತಿದ್ದಂತೆಯೇ ಬಜರ್ ಒತ್ತಿಬಿಟ್ಟೆ. ಮಕ್ಕಳು ಎಂದ ಕೂಡಲೇ ನನ್ನ ತಲೆಗೆ ಬಂದದ್ದು ಜಿ. ಪಿ. ರಾಜರತ್ನಂ. ಅದನ್ನೇ ಹೇಳಿದೆ. ಪ್ರಶ್ನೆ ಇದ್ದದ್ದು ‘ಬಾಲ ಪ್ರಪಂಚ’ ಎಂಬ ಮೂರು ಸಂಪುಟಗಳ ವಿಶ್ವಕೋಶ ಬರೆದವರು ಯಾರು ಎಂದು. ಆ ಹುಡುಗಿ ನಿಧಾನವಾಗಿ ಶಿವರಾಮ ಕಾರಂತ ಎಂದಳು. ಲ್ಯಾಪ್‌ಟಾಪ್ ಅವಳ ಮನೆಗೆ ಹೋಯಿತು.

ಸೋತೆ ಎಂದು ಮನೆಯಲ್ಲಿ ಹೇಳಿದ್ದೆ. ಹೇಗೆ ಸೋತೆ ಎಂದು ಹೇಳಿರಲಿಲ್ಲ. ಎರಡು ವಾರದ ನಂತರ ಕಾರ್ಯಕ್ರಮ ಪ್ರಸಾರವಾದಾಗ ಅಮ್ಮ ಪಕ್ಕದ ಮನೆಯವರನ್ನೂ ಕರೆದು ಚಕ್ಕುಲಿ ಕೊಟ್ಟು ಕೂರಿಸಿದ್ದರು. ಕೊನೆಯ ಪ್ರಶ್ನೆ ಬಂತು. ಟಿವಿಯೊಳಗಿನ ನಾನು ತಪ್ಪು ಉತ್ತರ ಕೊಟ್ಟೆ. ಪ್ರಶ್ನೆಯನ್ನು ಪೂರ್ತಿ ಓದುತ್ತಿದ್ದಂತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ, ಆ ಹುಡುಗಿಗಿಂತ ಮೊದಲೇ ಕಾರಂತರು ಎಂದುಬಿಟ್ಟರು. ಎಸ್ಸೆಸ್ಸೆಲ್ಸಿಯವರೆಗೆ ಮಾತ್ರ ಓದಿದ ಅಮ್ಮ! ನಾಚಿಕೆಯಿಂದ ನಾನು ಚಕ್ಕುಲಿ ಡಬ್ಬಿಯೊಳಗೇ ಮುಖ ಹುದುಗಿಸಿದೆ.

ಅಮ್ಮನ ತವರು ಸಾಲಿಗ್ರಾಮದ ಹತ್ತಿರ. ಕಾರಂತರು ಕೊನೆಯ ದಶಕಗಳಲ್ಲಿ ನೆಲೆಸಿದ್ದು ಅಲ್ಲೇ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಈ ಸಂಗತಿ ನನಗೆ ಗೊತ್ತಿರಲಿಲ್ಲ, ಏಕೆಂದರೆ ಅದು ಯಾವ ಗೈಡಿನಲ್ಲೂ ಇರಲಿಲ್ಲ. ಮರುದಿನವೇ ಗ್ರಂಥಾಲಯಕ್ಕೆ ಹೋದೆ. ಆಮೇಲೆ ಮೂರು ತಿಂಗಳು, ಬ್ಯಾಕ್‌ಲಾಗ್ ಪರೀಕ್ಷೆಯ ಓದಿನ ನಡುವೆ, ನನ್ನನ್ನು ಸೋಲಿಸಿದ ಆ ಉತ್ತರವನ್ನು ಓದಿದೆ.

ಕೋಟ ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಉಡುಪಿ ಜಿಲ್ಲೆಯ ಕೋಟದಲ್ಲಿ. ತಂದೆ ಶೇಷ ಕಾರಂತ, ತಾಯಿ ಲಕ್ಷ್ಮಮ್ಮ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯ ಅಸಹಕಾರ ಚಳವಳಿಯ ಕರೆ ಬಂತು. ನನ್ನದೇ ವಯಸ್ಸಿನ ಹುಡುಗ ಕಾಲೇಜು ಬಿಟ್ಟು ಹೊರನಡೆದ. ಖಾದಿ, ಸ್ವದೇಶಿ ಎಂದು ಕೆಲವು ವರ್ಷ ಊರೂರು ತಿರುಗಿದ. ಮತ್ತೆ ಕಾಲೇಜಿನ ಕಡೆ ಹೋಗಲಿಲ್ಲ. ಮುಂದೆ ಹಲವು ವಿಶ್ವವಿದ್ಯಾಲಯಗಳು ತಾವಾಗಿಯೇ ಗೌರವ ಡಾಕ್ಟರೇಟ್ ಕೊಟ್ಟವು ಎಂಬುದು ಬೇರೆ ಮಾತು.

ಇದನ್ನು ಓದಿ ಯಾರೂ ನಾಳೆಯೇ ಕಾಲೇಜು ಬಿಡಬೇಡಿ. ನಾನೂ ಒಂದು ಸಂಜೆ ಹಾಗೆ ಯೋಚಿಸಿದೆ. ಆದರೆ ಕಾರಂತರು ಬಿಟ್ಟದ್ದು ತರಗತಿಯನ್ನು ಮಾತ್ರ, ಓದನ್ನು ಬಿಡಲಿಲ್ಲ. ‘ವಸಂತ’ ಎಂಬ ಪತ್ರಿಕೆ ನಡೆಸಿದರು. ನಾಟಕ ಬರೆದು ಆಡಿಸಿದರು. 1930ರ ಆಸುಪಾಸಿನಲ್ಲಿ ಯಾರೂ ಹೇಳಿಕೊಡದೆ ಮೂಕಿ ಚಿತ್ರಗಳನ್ನು ತೆಗೆದರು. ಮುದ್ರಣ ಕಲಿಯಬೇಕು ಎನಿಸಿದಾಗ ಮುದ್ರಣಕ್ಕೇ ಕೈಹಾಕಿ ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಮಾಡಿದರು, ಪುಸ್ತಕಗಳ ಮುಖಪುಟ ಬರೆದರು. ಮುದ್ರಣದಲ್ಲಿ ಕೈಸುಟ್ಟುಕೊಂಡರು, ನಷ್ಟವಾಯಿತು. ನಮ್ಮ ಲೆಕ್ಕದಲ್ಲಿ ಇವೆಲ್ಲ ಬ್ಯಾಕ್‌ಲಾಗುಗಳೇ. ವ್ಯತ್ಯಾಸ ಇಷ್ಟೇ, ಅವರಿಗೆ ಪಾಸಾಗುವ ಹಂಗಿರಲಿಲ್ಲ. ಒಂದು ಕೆಲಸ ಹೇಗೆ ನಡೆಯುತ್ತದೆ ಎಂದು ಕೈಯಾರೆ ತಿಳಿಯಬೇಕಿತ್ತು.

ಪುತ್ತೂರಿನಲ್ಲಿ ಅವರು ಕಟ್ಟಿದ ಬಾಲವನ ಇಂಥದೇ ಇನ್ನೊಂದು ಪ್ರಯೋಗ. ಬಾಯಿಪಾಠದ ಶಾಲೆಯಿಂದ ಹೊರಬಂದು ಮಕ್ಕಳು ಆಡುತ್ತಾ, ಹಾಡುತ್ತಾ, ಕುಣಿಯುತ್ತಾ ಕಲಿಯಲಿ ಎಂಬುದು ಅವರ ಆಸೆ. ಮಕ್ಕಳ ಜತೆ ಕುಳಿತ ಮೇಲೆ ಅವರಿಗೆ ಎದುರಾದದ್ದು ಒಂದು ಸರಳ ತೊಂದರೆ. ಮಗು ಕೇಳುವ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಸಿಗುವ ಪುಸ್ತಕವೇ ಇರಲಿಲ್ಲ. ಇಂಗ್ಲಿಷ್ ಬಲ್ಲ ಮಗುವಿಗೆ ದಪ್ಪ ದಪ್ಪ ವಿಶ್ವಕೋಶಗಳಿದ್ದವು. ಕನ್ನಡದ ಮಗು ಸುಮ್ಮನಿರಬೇಕಿತ್ತು. ಹಾಗಾಗಿ ತಾವೇ ಬರೆಯಲು ಕುಳಿತರು. 1936ರಲ್ಲಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು ಬಂದಾಗ ಅವರಿಗಿನ್ನೂ ಮೂವತ್ತನಾಲ್ಕರ ಆಸುಪಾಸು. ಇಂಟರ್‌ನೆಟ್ ಇಲ್ಲ, ಸಮಿತಿ ಇಲ್ಲ, ಡಿಗ್ರಿ ಇಲ್ಲ. ಎಷ್ಟೋ ವಿಷಯಕ್ಕೆ ಕನ್ನಡದಲ್ಲಿ ಪದವೂ ಇಲ್ಲ. ಒಬ್ಬನೇ ಮನುಷ್ಯ ಅಷ್ಟನ್ನೂ ಓದಿ, ಅರಗಿಸಿಕೊಂಡು, ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಬರೆದ.

ಮಕ್ಕಳಿಗೆ ಬರೆದು ಅಲ್ಲಿಗೇ ನಿಲ್ಲಿಸಲಿಲ್ಲ. 1941ರಲ್ಲಿ ‘ಸಿರಿಗನ್ನಡ ಅರ್ಥಕೋಶ’ ಎಂಬ ನಿಘಂಟು ತಂದರು. 1959ರಿಂದ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ ಶುರು ಮಾಡಿ ನಾಲ್ಕು ಸಂಪುಟ ಮುಗಿಸಿದರು. ನಮ್ಮ ಕಾಲೇಜಿನಲ್ಲಿ ಟ್ರಾನ್ಸ್‌ಫಾರ್ಮರ್ ಬಗ್ಗೆ ಮೂರು ಪುಟ ಇಂಗ್ಲಿಷಿನಲ್ಲಿ ಬರೆದು ಅಂಕ ತೆಗೆಯುವ ನಾನು, ಅದನ್ನೇ ಅಮ್ಮನಿಗೆ ಕನ್ನಡದಲ್ಲಿ ಐದು ನಿಮಿಷ ವಿವರಿಸಲು ಹೋಗಿ ತೊದಲಿದೆ. ಆಗ ಆ ನಾಲ್ಕು ಸಂಪುಟಗಳ ತೂಕ ಎಷ್ಟೆಂದು ತಿಳಿಯಿತು.

ಇಷ್ಟರ ನಡುವೆ ಕಾದಂಬರಿಗಳು. ಒಟ್ಟು 47. ಒಂದು ತುಂಡು ನೆಲವನ್ನು ತಾನೇ ಉಳಬೇಕು ಎಂದು ಆಸೆಪಟ್ಟು ಸೋಲುವ ಜೀತದ ಚೋಮನ ಕಥೆ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಕಡಲ ಕರೆಯ ಒಂದು ಕುಟುಂಬದ ಮೂರು ತಲೆಮಾರು ‘ಮರಳಿ ಮಣ್ಣಿಗೆ’ಯಲ್ಲಿದೆ. ಅದರಲ್ಲಿ ಓದಿದ ಮಗ ಊರು ಬಿಟ್ಟು ಹೋಗುತ್ತಾನೆ, ಮೊಮ್ಮಗ ಓದು ಮುಗಿಸಿ ಕೆಲಸ ಹುಡುಕಿ ಅಲೆಯುತ್ತಾನೆ. 1941ರ ಆ ಕಾದಂಬರಿಯನ್ನು ಕೆಲಸ ಹುಡುಕುತ್ತಿರುವ ಯಾರು ಓದಿದರೂ ಪಕ್ಕದ ಪಿಜಿಯ ಕಥೆ ಎನಿಸುತ್ತದೆ. ನಾನು ವರ್ಷ ಮಾತ್ರ ಉರು ಹೊಡೆದಿದ್ದ ‘ಮೂಕಜ್ಜಿಯ ಕನಸುಗಳು’ ಒಬ್ಬ ಅಜ್ಜಿಯ ಮತ್ತು ಮೊಮ್ಮಗನ ಮಾತುಕತೆ. ಅಜ್ಜಿ ಒಂದು ಹಳೆಯ ವಸ್ತುವನ್ನು ಮುಟ್ಟಿದರೆ ಅದರ ಹಿಂದಿನ ಕಾಲವೆಲ್ಲ ಅವಳಿಗೆ ಕಾಣುತ್ತದೆ. ಮೊಮ್ಮಗ ಕೇಳುತ್ತಾ ಹೋಗುತ್ತಾನೆ. ಇಡೀ ಪುಸ್ತಕ ನಿಂತಿರುವುದೇ ಅವನು ಕೇಳುವ ಪ್ರಶ್ನೆಗಳ ಮೇಲೆ.

ಯಕ್ಷಗಾನವನ್ನು ಅವರು ಬರೀ ನೋಡಲಿಲ್ಲ. ಹಾಡು, ಕುಣಿತ, ವೇಷ, ಬಣ್ಣ ಎಲ್ಲದರ ಬೆನ್ನು ಹತ್ತಿ ‘ಯಕ್ಷಗಾನ ಬಯಲಾಟ’ ಬರೆದರು. ಅದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಾವೇ ಗೆಜ್ಜೆ ಕಟ್ಟಿ ಕುಣಿದರು, ತಂಡ ಕಟ್ಟಿ ವಿದೇಶಗಳಿಗೂ ಕರೆದೊಯ್ದರು. ಬದುಕಿನಲ್ಲೂ ಊರಿನವರ ಉತ್ತರಕ್ಕೆ ಕಾಯಲಿಲ್ಲ. ಜಾತಿಯ ಗೋಡೆ ದಾಟಿ 1936ರಲ್ಲಿ ಬಂಟ ಸಮುದಾಯದ ಲೀಲಾ ಆಳ್ವರನ್ನು ಮದುವೆಯಾದರು. ‘ಬಾಲ ಪ್ರಪಂಚ’ ಬಂದದ್ದೂ ಅದೇ ವರ್ಷ.

ನನ್ನ ಗೈಡಿನಲ್ಲಿ ಪದ್ಮಭೂಷಣ 1968 ಎಂದಿತ್ತು. ಅದನ್ನು ಅವರು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ವಾಪಸು ಕೊಟ್ಟರು ಎಂಬುದು ಇರಲಿಲ್ಲ. ಮುಂದೆ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ ಎಂಬತ್ತು ದಾಟಿದ ಈ ಅಜ್ಜ ವಿರೋಧಿಸಿ ಬೀದಿಗಿಳಿದರು. 1989ರಲ್ಲಿ ಪರಿಸರದ ಹೆಸರಿನಲ್ಲಿ ಕಾರವಾರದ ಕಡೆಯಿಂದ ಲೋಕಸಭೆ ಚುನಾವಣೆಗೂ ನಿಂತು ಸೋತರು. ಸ್ಥಾವರ ಬಂತು, 2000ದ ಹೊತ್ತಿಗೆ ವಿದ್ಯುತ್ತೂ ಹರಿಯಿತು. ಇಲ್ಲಿ ನಾನು ಪ್ರಾಮಾಣಿಕವಾಗಿ ಹೇಳಬೇಕು. ಎಲೆಕ್ಟ್ರಿಕಲ್ ಓದುವ ನನಗೆ ಅಂಥ ಸ್ಥಾವರದಲ್ಲಿ ಕೆಲಸ ಸಿಕ್ಕರೆ ಖಂಡಿತ ಹೋಗುತ್ತೇನೆ. ಈ ವಿಷಯದಲ್ಲಿ ಕಾರಂತರೇ ಪೂರ್ತಿ ಸರಿ ಎಂದು ನನಗೆ ಈಗಲೂ ಎನಿಸುವುದಿಲ್ಲ. ಆದರೆ ಕಾಡು, ನದಿ, ಅಲ್ಲಿನ ಜನ ಏನಾಗುತ್ತಾರೆ ಎಂಬ ಪ್ರಶ್ನೆಯನ್ನು ಅವರು ಕೇಳಿದ ಮೇಲೆ, ಅದಕ್ಕೆ ಉತ್ತರ ಕಲಿಯದೆ ಅಲ್ಲಿಗೆ ಹೋಗುವುದು ತಪ್ಪು ಎನಿಸುತ್ತದೆ.

ಕೊನೆಯವರೆಗೂ ಅವರ ಕುತೂಹಲ ಆರಲಿಲ್ಲ. ತೊಂಬತ್ತೈದರ ವಯಸ್ಸಿನಲ್ಲಿ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. ಅದನ್ನು ಅಚ್ಚಿನಲ್ಲಿ ನೋಡಲು ಅವರಿರಲಿಲ್ಲ. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡರು. ನಡೆದಾಡುವ ವಿಶ್ವಕೋಶ, ಕಡಲ ತೀರದ ಭಾರ್ಗವ ಎಂಬ ಬಿರುದುಗಳನ್ನು ಪರೀಕ್ಷೆಗಾಗಿ ನಾವು ಹೊಂದಿಸಿ ಬರೆಯುತ್ತೇವೆ. ವಿಶ್ವಕೋಶ ನಡೆದಾಡಿದ್ದು ಎಲ್ಲೆಲ್ಲಿ ಎಂದು ಕೇಳುವುದಿಲ್ಲ.

ಇದನ್ನೆಲ್ಲ ಓದಿ ಮುಗಿಸಿದ ದಿನ ಅಮ್ಮನನ್ನು ಕೇಳಿದೆ, ಆ ಉತ್ತರ ನಿಮಗೆ ಹೇಗೆ ಗೊತ್ತಿತ್ತು ಎಂದು. ಆಗ ಒಂದು ಹಳೆಯ ಕಥೆ ಹೊರಬಂತು. ‘ತರಂಗ’ ವಾರಪತ್ರಿಕೆಯಲ್ಲಿ ಕಾರಂತರು ಮಕ್ಕಳ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದ ‘ಬಾಲವನದಲ್ಲಿ ಕಾರಂತಜ್ಜ’ ಎಂಬ ಅಂಕಣ ಇತ್ತು. ಅಮ್ಮ ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಅಂಚೆ ಕಾರ್ಡು ಬರೆದು ಹಾಕಿದ್ದರಂತೆ: ಸಮುದ್ರದ ನೀರು ಯಾಕೆ ಉಪ್ಪು? ಪಕ್ಕದೂರಿನಲ್ಲೇ ಇರುವ ಅಜ್ಜನಿಗೆ ಅಂಚೆಯಲ್ಲಿ ಪ್ರಶ್ನೆ. ವಾರ ವಾರವೂ ಪಕ್ಕದ ಮನೆಯ ಪತ್ರಿಕೆ ಬೇಡಿ ತಂದು ತಮ್ಮ ಹೆಸರು ಹುಡುಕಿದರು. ತಮಗೆ ಸಿಕ್ಕ ಸಂಚಿಕೆಗಳಲ್ಲಿ ಅದು ಕಾಣಲಿಲ್ಲ. ಕಾದು ಸಾಕಾಗಿ ಶಾಲೆಯ ಬೀರುವಿನಲ್ಲಿದ್ದ ‘ಬಾಲ ಪ್ರಪಂಚ’ವನ್ನು ಮೇಷ್ಟರಿಂದ ಕೇಳಿ ಪಡೆದು ಓದತೊಡಗಿದರು. ಅಂಥ ಹುಡುಗಿ ಮದುವೆಯಾಗಿ ಅಟ್ಟೂರಿಗೆ ಬಂದು, ಇಪ್ಪತ್ತೆರಡು ವರ್ಷ ನಮಗೆ ಊಟ ಬಡಿಸುತ್ತಾ ಟಿವಿಯ ಕಡೆ ಒಂದು ಕಿವಿ ಇಟ್ಟಿದ್ದರು. ಉತ್ತರ ಕೂಗುವ ಗದ್ದಲದಲ್ಲಿ ನನಗೆ ಅದು ಕೇಳಿರಲಿಲ್ಲ.

ಆ ಅಂಚೆ ಕಾರ್ಡಿಗೆ ನಾನೇ ಉತ್ತರ ಕೊಡಲು ಹೊರಟೆ. ಮಳೆನೀರು ಬಂಡೆಗಳನ್ನು ಸವೆಸಿ ಲವಣಗಳನ್ನು ಕರಗಿಸಿಕೊಳ್ಳುತ್ತದೆ, ನದಿಗಳು ಅದನ್ನು ಸಮುದ್ರಕ್ಕೆ ಒಯ್ಯುತ್ತವೆ, ಬಿಸಿಲಿಗೆ ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ, ಕೋಟಿ ಕೋಟಿ ವರ್ಷ ಹೀಗೇ ನಡೆದಿದೆ ಎಂದೆ. ಅಮ್ಮ ತಲೆದೂಗಿದರು. ಹಾಗಾದರೆ ಕಡಲ ತಳದಿಂದ ಏನೂ ಬರುವುದಿಲ್ಲವೇ ಎಂದು ಕೇಳಿದರು. ಬಾಯಿ ತೆರೆದವನು ಈ ಸಲ ಬಜರ್ ಒತ್ತಲಿಲ್ಲ. ನೋಡಿ ಹೇಳುತ್ತೇನೆ ಎಂದೆ. ಹುಡುಕಿದರೆ, ಸಮುದ್ರದ ತಳದ ಬಿಸಿನೀರಿನ ಬಿರುಕುಗಳಿಂದಲೂ ಲವಣಗಳು ಸೇರುತ್ತವೆ ಎಂದು ಸಿಕ್ಕಿತು. ಅಮ್ಮನ ಪ್ರಶ್ನೆ ನನ್ನ ಉತ್ತರಕ್ಕಿಂತ ಮುಂದಿತ್ತು.

ಬ್ಯಾಕ್‌ಲಾಗ್ ಪಾಸಾಯಿತು. ಲ್ಯಾಪ್‌ಟಾಪ್ ಹಳೆಯದೇ. ರಾತ್ರಿ ‘ಥಟ್ ಅಂತ ಹೇಳಿ’ ಈಗಲೂ ನೋಡುತ್ತೇವೆ, ಆದರೆ ನಾನು ಕೂಗುವುದು ಬಿಟ್ಟಿದ್ದೇನೆ. ಮೊದಲ ಉತ್ತರ ಅಮ್ಮನದು. ಅವರಿಗೆ ಗೊತ್ತಿಲ್ಲದಿದ್ದರೆ ನನ್ನ ಸರದಿ. ಇಬ್ಬರಿಗೂ ಗೊತ್ತಿಲ್ಲದ್ದನ್ನು ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡುತ್ತೇವೆ, ಭಾನುವಾರ ಕುಳಿತು ಹುಡುಕುತ್ತೇವೆ. ಮೊನ್ನೆಗೆ ಅಂಥ ಪ್ರಶ್ನೆಗಳು ನಲವತ್ತಾದವು.